ಉಬುಂಟು ವಿಎಂನ ಅಲ್ಮಾಲಿನಕ್ಸ್‌ಗೆ ಒಯ್ಯೋದು ಹೇಗೆ? ಡಿಸ್ಕ್‌ಗಿಂತ ಎಕ್ಸ್‌ಎಂಎಲ್ ಕಡೆ ಗಮನ ಇರ್ಲಿ

ಕೆವಿಎಂ (ಲಿನಕ್ಸ್ ಒಳಗಿನ ವರ್ಚುವಲೈಸೇಶನ್ ವ್ಯವಸ್ಥೆ) ಮೇಲೆ ಓಡೋ ವಿಎಂ, ಅಂದ್ರೆ ವರ್ಚುವಲ್ ಮಷೀನ್‌ನಲ್ಲಿ ಇರೋದು ಮುಖ್ಯವಾಗಿ ಎರಡು, ಒಂದು ಡಿಸ್ಕ್ ಇಮೇಜ್, ಇನ್ನೊಂದು ಆ ಮಷೀನ್ ಹೇಗಿದೆ ಅಂತ ಬರೆದಿಟ್ಟಿರೋ ಎಕ್ಸ್‌ಎಂಎಲ್ ಫೈಲ್. ಡಿಸ್ಕ್ ದೊಡ್ಡದು ಅಂತ ಎಲ್ರೂ ಅದ್ರ ಬಗ್ಗೆನೇ ತಲೆ ಕೆಡಿಸ್ಕೊತಾರೆ, ಆದ್ರೆ ಡಿಸ್ಟ್ರೋ (ಉಬುಂಟು, ಅಲ್ಮಾ ಥರದ ಲಿನಕ್ಸ್ ಬಗೆ) ಬದಲಾದಾಗ ಕೈ ಕೊಡೋದು ಹೆಚ್ಚಾಗಿ ಎಕ್ಸ್‌ಎಂಎಲ್ಲೇ. ಉಬುಂಟು 22.04 ಇರೋ ಹೋಸ್ಟ್‌ನಿಂದ (ವಿಎಂ ಓಡಿಸೋ ಅಸಲಿ ಕಂಪ್ಯೂಟರ್) ಅಲ್ಮಾಲಿನಕ್ಸ್ 9 ಇರೋ ಹೋಸ್ಟ್‌ಗೆ ವಿಎಂನ ಒಯ್ಯೋ ದಾರಿ ನೋಡೋಣ, ಇದ್ರಲ್ಲಿ ಬರಬಹುದಾದ ತೊಡಕೆಲ್ಲ ಬರತ್ತೆ.

ಮೊದ್ಲು ವಿಎಂನ 'ವರ್ಶ್ ಶಟ್‌ಡೌನ್' ಕೊಟ್ಟು (ವರ್ಶ್ ಅಂದ್ರೆ ವಿಎಂಗಳನ್ನ ನೋಡ್ಕೊಳೋ ಲಿಬ್‌ವರ್ಟ್‌ನ ಕಮಾಂಡ್, virsh) ಸರಿಯಾಗಿ ಆಫ್ ಮಾಡಿ. 'ಡಿಸ್ಟ್ರಾಯ್' ಬೇಡ, ಅದು ಕರೆಂಟ್ ಪ್ಲಗ್ ಕಿತ್ತ ಹಾಗೆ. ಆಮೇಲೆ 'ವರ್ಶ್ ಡಾಮ್‌ಬ್ಲ್ಕ್‌ಲಿಸ್ಟ್' (domblklist) ಅಂದ್ರೆ ಡಿಸ್ಕ್ ಎಲ್ಲಿದೆ ಅಂತ ತೋರಿಸತ್ತೆ, ಸಾಮಾನ್ಯವಾಗಿ /ವಾರ್/ಲಿಬ್/ಲಿಬ್‌ವರ್ಟ್/ಇಮೇಜಸ್ ಒಳಗೆ. 'ವರ್ಶ್ ಡಂಪ್‌ಎಕ್ಸ್‌ಎಂಎಲ್' ಔಟ್‌ಪುಟ್ನ ಒಂದು ಫೈಲಿಗೆ ಸೇವ್ ಮಾಡ್ಕೊಳ್ಳಿ. ಎಕ್ಸ್‌ಟರ್ನಲ್ ಸ್ನ್ಯಾಪ್‌ಶಾಟ್ ತೆಗೆದಿದ್ರೆ ಡಿಸ್ಕ್ ಒಂದೇ ಫೈಲಲ್ಲಿ ಇರಲ್ಲ, ಹಿಂದೆ ಬ್ಯಾಕಿಂಗ್ ಫೈಲ್ (ಹಳೇ ಡೇಟಾ ಇರೋ ಮೂಲ ಫೈಲ್) ಇರತ್ತೆ, 'ಕ್ಯೂಎಮು-ಐಎಂಜಿ ಇನ್ಫೋ'ಗೆ (qemu-img info) ಬ್ಯಾಕಿಂಗ್-ಚೈನ್ ಆಪ್ಷನ್ ಹಾಕಿ ನೋಡಿ ಎಲ್ಲಾ ಒಯ್ಯಿರಿ.

ಕಾಪಿ ಮಾಡೋಕೆ ಎಸ್‌ಸಿಪಿ ಬೇಡ, ಆರ್‌ಸಿಂಕ್‌ಗೆ ಸ್ಪಾರ್ಸ್ ಆಪ್ಷನ್ (ಖಾಲಿ ಜಾಗನ ಬರೆಯದೇ ಬಿಡೋದು) ಹಾಕಿ. 100 ಜಿಬಿ ಅಂತ ಕಾಣೋ ಇಮೇಜ್ ಒಳಗೆ ನಿಜವಾಗಿ 20 ಜಿಬಿನೇ ಇರಬಹುದು, 'ಡಿಯು' ಹಾಕಿದ್ರೆ ಗೊತ್ತಾಗತ್ತೆ, ಎಸ್‌ಸಿಪಿ ಆದ್ರೆ ಖಾಲಿ ಜಾಗನೂ ಬರೆದು ಹೊಸ ಡಿಸ್ಕ್ ತುಂಬಿಸಿಬಿಡತ್ತೆ. ಎರಡೂ ಕಡೆ ಎಸ್‌ಎಚ್‌ಎ256 ಚೆಕ್‌ಸಮ್ ತೆಗೆದು ಹೋಲಿಸಿ.

ಈಗ ನಿಜವಾದ ಕೆಲಸ. ಹೊಸ ಹೋಸ್ಟಲ್ಲಿ ಎಕ್ಸ್‌ಎಂಎಲ್ ತೆರೆದು ಎಮ್ಯುಲೇಟರ್ ಅನ್ನೋ ಸಾಲು ನೋಡಿ, ಉಬುಂಟುದಲ್ಲಿ ಅದು /ಯುಎಸ್ಆರ್/ಬಿನ್ ಒಳಗಿನ ಕ್ಯೂಎಮು-ಸಿಸ್ಟಮ್ ಪ್ರೋಗ್ರಾಂಗೆ ಹೋಗತ್ತೆ, ಅಲ್ಮಾದಲ್ಲಿ ಆ ಹೆಸರಿನ ಫೈಲೇ ಇಲ್ಲ, /ಯುಎಸ್ಆರ್/ಲಿಬ್‌ಎಕ್ಸೆಕ್/ಕ್ಯೂಎಮು-ಕೆವಿಎಂ ಅಂತ ಬದಲಾಯಿಸಬೇಕು. ಆಮೇಲೆ ಮಷೀನ್ ಟೈಪ್, ಅಂದ್ರೆ ವಿಎಂಗೆ ಯಾವ ಮದರ್‌ಬೋರ್ಡ್ ಇದೆ ಅಂತ ತೋರಿಸಬೇಕು ಅನ್ನೋದು. ಉಬುಂಟು ತನ್ನದೇ ಹೆಸರು ಇಡತ್ತೆ, 'ಪಿಸಿ-ಕ್ಯೂ35-ಜ್ಯಾಮಿ' ಅಂತ, ಬೇರೆ ಡಿಸ್ಟ್ರೋಗೆ ಅದು ಗೊತ್ತೇ ಇಲ್ಲ, ಸಪೋರ್ಟ್ ಇಲ್ಲ ಅಂತ ಎರರ್ ಕೊಡತ್ತೆ. ಬರೀ 'ಕ್ಯೂ35' ಅಂತ ಬರೀರಿ. ಹಳೇ ವಿಎಂ ಐ440ಎಫ್‌ಎಕ್ಸ್ (ಕ್ಯೂ35ಗಿಂತ ಹಳೇ ಮಷೀನ್ ಟೈಪ್) ಆಗಿದ್ರೆ 'ಪಿಸಿ' ಅಂತ ಬರೀರಿ, ಹೇಗಿದ್ರೂ ಬದಲಾಯಿಸ್ತಿದೀವಲ್ಲ ಅಂತ ಕ್ಯೂ35ಗೆ ಹಾರಬೇಡಿ, ಯಾಕಂದ್ರೆ ಪಿಸಿಐ ವಿಳಾಸಗಳು ಬದಲಾಗಿ ಗೆಸ್ಟ್ (ವಿಎಂ ಒಳಗಿನ ಓಎಸ್) ಒಳಗೆ 'ಇಎನ್‌ಎಸ್3' ಆಗಿದ್ದ ನೆಟ್‌ವರ್ಕ್ ಕಾರ್ಡ್ 'ಇಎನ್‌ಪಿ1ಎಸ್0' ಆಗಬಹುದು, ಆಗ ಮಷೀನ್ ಆನ್ ಆದ್ರೂ ನೆಟ್ ಇರಲ್ಲ, ಎಸ್‌ಎಸ್‌ಎಚ್ ಕೂಡ ಸಿಗಲ್ಲ.

ಸ್ಪೈಸ್ ಡಿಸ್‌ಪ್ಲೇ (ವಿಎಂನ ಸ್ಕ್ರೀನ್ ದೂರದಿಂದ ನೋಡೋ ವ್ಯವಸ್ಥೆ) ಇದ್ರೆ ತೆಗೀರಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲೇ ಅದನ್ನ ಕೈಬಿಟ್ಟಿದಾರೆ, ಅಲ್ಮಾ 9 ಕೂಡ ಹಾಗೇ. ಗ್ರಾಫಿಕ್ಸ್ ವಿಎನ್‌ಸಿ ಮಾಡಿ, ವಿಡಿಯೋ ಕ್ಯೂಎಕ್ಸ್‌ಎಲ್ ಬದಲು ವರ್ಟ್‌ಐಓ ಮಾಡಿ, ಸ್ಪೈಸ್ ಹೆಸರಿರೋ ಚಾನೆಲ್, ಆಡಿಯೋ, ಯುಎಸ್‌ಬಿ ರೀಡೈರೆಕ್ಟ್ ಸಾಲುಗಳನ್ನೂ ಅಳಿಸಿ. ಯುಇಎಫ್‌ಐ (ಹಳೇ ಬಯೋಸ್ ಬದಲಿನ ಫರ್ಮ್‌ವೇರ್) ವಿಎಂ ಆಗಿದ್ರೆ ಫರ್ಮ್‌ವೇರ್ ಪಾತ್ ಕೂಡ ಬೇರೆ ಇರತ್ತೆ, ಲೋಡರ್, ಎನ್‌ವಿರ್ಯಾಮ್ ಸಾಲು ತೆಗೆದು ಓಎಸ್ ಟ್ಯಾಗಲ್ಲಿ ಫರ್ಮ್‌ವೇರ್ 'ಇಎಫ್‌ಐ' ಅಂತ ಹಾಕಿದ್ರೆ ಲಿಬ್‌ವರ್ಟ್ ತಾನೇ ಹುಡುಕ್ಕೊಳತ್ತೆ. ಇಂಟೆಲ್‌ನಿಂದ ಎಎಂಡಿಗೆ ಹೋಗ್ತಿದ್ದು ಸಿಪಿಯು ಮಾಡೆಲ್ ಹೆಸರು ಬರೆದಿದ್ರೆ 'ಹೋಸ್ಟ್-ಮಾಡೆಲ್' ಮಾಡಿ. ಬ್ರಿಡ್ಜ್ (ವಿಎಂನ ಹೋಸ್ಟ್‌ನ ನೆಟ್‌ವರ್ಕಿಗೆ ಸೇರಿಸೋದು) ಹೆಸರೂ ಒಮ್ಮೆ ನೋಡ್ಕೊಳ್ಳಿ, ಅಲ್ಲಿ 'ಬಿಆರ್0' ಇತ್ತು ಅಂತ ಇಲ್ಲೂ ಇರಬೇಕಂತಿಲ್ಲ.

ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಾಯೋ ಭದ್ರತಾ ವ್ಯವಸ್ಥೆ ಉಬುಂಟುದಲ್ಲಿ ಆಪ್‌ಆರ್ಮರ್, ಅಲ್ಮಾದಲ್ಲಿ ಎಸ್‌ಇಲಿನಕ್ಸ್. ಡಿಸ್ಕನ್ನ ಹೋಮ್ ಫೋಲ್ಡರಲ್ಲಿ ಇಡದೇ ಲಿಬ್‌ವರ್ಟ್‌ನ ಇಮೇಜಸ್ ಫೋಲ್ಡರಿಗೇ ಹಾಕಿ 'ರಿಸ್ಟೋರ್‌ಕಾನ್' ಓಡಿಸಿ, ಅದು ಫೈಲಿಗೆ ಸರಿಯಾದ ಎಸ್‌ಇಲಿನಕ್ಸ್ ಲೇಬಲ್ ಹಾಕತ್ತೆ. ಪರ್ಮಿಷನ್ ಎರರ್ ಬಂತು ಅಂತ ಎಸ್‌ಇಲಿನಕ್ಸನ್ನೇ ಆಫ್ ಮಾಡೋರು ತುಂಬಾ ಜನ ಇದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ವಿಎಂ ಒಳಗಿಂದ ಯಾರಾದ್ರೂ ತಪ್ಪಿಸ್ಕೊಂಡು ಬಂದ್ರೆ ತಡೆಯೋದು ಅದೇ.

ಕೊನೆಗೆ ತಿದ್ದಿದ ಎಕ್ಸ್‌ಎಂಎಲ್‌ನ 'ವರ್ಶ್ ಡಿಫೈನ್'ಗೆ ಕೊಡಿ, ಆಮೇಲೆ 'ವರ್ಶ್ ಸ್ಟಾರ್ಟ್'. ಹಳೇ ಹೋಸ್ಟಲ್ಲಿ ಆಟೋಸ್ಟಾರ್ಟ್ ಮೊದ್ಲೇ ತೆಗೆದಿಡಿ, ಎರಡೂ ಕಡೆ ಮ್ಯಾಕ್ ವಿಳಾಸ ಒಂದೇ ಇರೋದ್ರಿಂದ ಒಂದೇ ನೆಟ್‌ವರ್ಕಲ್ಲಿ ಎರಡೂ ಎದ್ರೆ ಯಾವುದೂ ನೆಟ್ಟಗೆ ನಡೆಯಲ್ಲ. ಹಳೇ ಇಮೇಜ್ನ ಮಾತ್ರ ತಕ್ಷಣ ಅಳಿಸಬೇಡಿ, ಹೊಸ ಜಾಗದಲ್ಲಿ ವಿಎಂ ಒಮ್ಮೆ ರೀಬೂಟ್ ಆಗಿ, ಅದರ ಬ್ಯಾಕಪ್ ಕೂಡ ಒಂದು ಸಲ ಸರಿಯಾಗಿ ಮುಗಿಯೋವರೆಗೂ ಇರ್ಲಿ.