ಸದ್ದಿಲ್ಲದ ಕಾರಿನ ಎಚ್ಚರಿಕೆ ದನಿ: ಪರೀಕ್ಷಿಸುವುದು, ಕಾಪಾಡುವುದು ಹೇಗೆ?

ವಿದ್ಯುತ್ ಕಾರು ಕೊಂಡವರು ಬ್ಯಾಟರಿ, ಚಾರ್ಜರು, ಟಯರು ಎಲ್ಲವನ್ನೂ ಜೋಪಾನವಾಗಿ ನೋಡಿಕೊಳ್ಳುತ್ತಾರೆ. ನಡೆಯುವವರನ್ನು ಎಚ್ಚರಿಸಲು ಸದ್ದು ಮಾಡುತ್ತಾ ಮುಂದಿನ ಬಂಪರಿನ ಹಿಂದೆ ಕೂತಿರುವ ಸಣ್ಣದೊಂದು ಸ್ಪೀಕರಿನ ನೆನಪು ಮಾತ್ರ ಹೆಚ್ಚಿನವರಿಗೆ ಇರುವುದಿಲ್ಲ. ಅದು ಕೆಟ್ಟರೂ ಕಾರು ಮೊದಲಿನ ಹಾಗೆಯೇ ಓಡುತ್ತದೆ. ಗಾಜು ಏರಿಸಿ, ಏಸಿ ಹಾಕಿ ಒಳಗೆ ಕೂತವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ತಿಳಿಯುವುದು ಹೊರಗೆ ನಡೆಯುವವರಿಗೆ, ಅದೂ ಕಾರು ಮೈಮೇಲೆ ಬಂದಾಗ. ಆದ್ದರಿಂದ ಈ ದನಿಯನ್ನು ಹೊರಗೆ ನಿಂತೇ ಪರೀಕ್ಷಿಸಬೇಕು, ವರ್ಷಕ್ಕೆ ಎರಡು ಸಲ: ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಮತ್ತೆ ಅಕ್ಟೋಬರಿನಲ್ಲಿ, ಮಳೆ ಬಿಟ್ಟ ಮೇಲೆ.

ಈ ವ್ಯವಸ್ಥೆಯ ಹೆಸರು ಎವಿಎಎಸ್ (ಅಕೌಸ್ಟಿಕ್ ವೆಹಿಕಲ್ ಅಲರ್ಟಿಂಗ್ ಸಿಸ್ಟಮ್). ಗಾಡಿ ನಿಧಾನವಾಗಿ ಚಲಿಸುವಾಗ ಮತ್ತು ರಿವರ್ಸ್ ಹೋಗುವಾಗ ಇದು ತಾನಾಗಿ ಸದ್ದು ಮಾಡುತ್ತದೆ. ವೇಗ 20-30 ಕಿ.ಮೀ. ದಾಟಿದ ಮೇಲೆ ಟಯರು ರಸ್ತೆಗೆ ಉಜ್ಜುವ ಸದ್ದೇ ಸಾಕಾಗುತ್ತದೆ. ಆಗ ಸ್ಪೀಕರು ಸುಮ್ಮನಾಗುತ್ತದೆ. ಅಪಾಯ ಇರುವುದು ಅದಕ್ಕಿಂತ ಕೆಳಗಿನ ವೇಗದಲ್ಲಿ. ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳದ ಸರ್ವಿಸ್ ರೋಡು, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ದಾರಿ, ಎರಡೂ ಬದಿ ಮುರಕಲ್ಲಿನ ಪಾಗಾರ ಎದ್ದಿರುವ ತಿರುವು, ಅಡಿಕೆ ಹರಡಿದ ಅಂಗಳ: ನಾವು ದಿನವೂ 20ರ ಒಳಗೆ ಓಡಿಸುವ ಜಾಗಗಳೆಲ್ಲ ಇಂಥವೇ.

ವಿಶ್ವಸಂಸ್ಥೆಯ 138ನೇ ವಾಹನ ನಿಯಮ ಇದಕ್ಕೆ ಅಳತೆ ಹಾಕಿಕೊಟ್ಟಿದೆ. ಕಾರಿನ ನಡುಗೆರೆಯಿಂದ 2 ಮೀಟರ್ ಬದಿಗೆ, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಮೈಕ್ ಇಟ್ಟರೆ, 10 ಕಿ.ಮೀ. ವೇಗದಲ್ಲಿ ಕನಿಷ್ಠ 50 ಡೆಸಿಬೆಲ್, 20ರಲ್ಲಿ 56, ರಿವರ್ಸಿನಲ್ಲಿ 47 ಬರಬೇಕು. ಮುಂದಕ್ಕೆ ಹೋಗುವಾಗ 75 ಮೀರಬಾರದು. ಯುರೋಪಿನಲ್ಲಿ 2021ರ ಜುಲೈಯಿಂದ ಎಲ್ಲ ಹೊಸ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಿಗೂ ಇದು ಕಡ್ಡಾಯ. ನಮ್ಮಲ್ಲಿ ಎಐಎಸ್-173 ಎಂಬ ಮಾನದಂಡ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಕರಡಿನಲ್ಲಿ ಹೊಸ ಮಾದರಿಯ ವಿದ್ಯುತ್ ಕಾರು, ಬಸ್ಸು, ಲಾರಿಗಳಿಗೆ 2026ರ ಅಕ್ಟೋಬರ್ 1ರಿಂದ, ಈಗಾಗಲೇ ಮಾರುಕಟ್ಟೆಯಲ್ಲಿರುವ ಮಾದರಿಗಳಿಗೆ 2027ರ ಅಕ್ಟೋಬರ್ 1ರಿಂದ ಇದನ್ನು ಕಡ್ಡಾಯ ಮಾಡುವ ಪ್ರಸ್ತಾವ ಇತ್ತು. ಅಂದರೆ ಈಗ ರಸ್ತೆಯಲ್ಲಿರುವ ಎಷ್ಟೋ ವಿದ್ಯುತ್ ಕಾರುಗಳಲ್ಲಿ ಈ ಸ್ಪೀಕರು ಇಲ್ಲದೆಯೂ ಇರಬಹುದು. ಮೊದಲು ಮಾಲಕರ ಕೈಪಿಡಿ ತೆರೆದು ನಿಮ್ಮ ಮಾದರಿಗೆ, ನೀವು ಕೊಂಡ ವೇರಿಯಂಟಿಗೆ ಎವಿಎಎಸ್ ಇದೆಯೇ ನೋಡಿ. ಒಂದೇ ಹೆಸರಿನ ಕಾರಿನಲ್ಲೂ ತಯಾರಾದ ವರ್ಷ ನೋಡಿಕೊಂಡು ವ್ಯತ್ಯಾಸ ಇರುತ್ತದೆ. ಮಾರುತಿಯ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ ಇದು ಬಂದದ್ದು 2023ರ ಜುಲೈಯಲ್ಲಿ.

ಪರೀಕ್ಷೆ

ಇಬ್ಬರು ಬೇಕು. ಒಬ್ಬರು ಓಡಿಸಲು, ಇನ್ನೊಬ್ಬರು ಕೇಳಲು. ಕೇಳುವವರು ಮನೆಯ ಹಿರಿಯರಾದರೆ ಇನ್ನೂ ಒಳ್ಳೆಯದು, ಏಕೆಂದರೆ ವಯಸ್ಸಾದಂತೆ ಮೊದಲು ಮಂಕಾಗುವುದು ಕೀಚಲು ಸದ್ದು ಕೇಳುವ ಶಕ್ತಿ. 1600 ಹರ್ಟ್ಸ್ ಅಥವಾ ಅದಕ್ಕಿಂತ ಕೆಳಗಿನ ಸದ್ದೂ ಇರಲೇಬೇಕೆಂದು ನಿಯಮ ಹೇಳುತ್ತದೆ. ಅಜ್ಜ ಅಜ್ಜಿಯರ ಕಿವಿಗೆ ಮುಟ್ಟುವ ಪಾಲು ಅದು.

ಸಮತಟ್ಟಾದ, ಗಾಡಿ ಓಡಾಟವಿಲ್ಲದ 30-40 ಮೀಟರ್ ಜಾಗ ಸಾಕು. ಬೆಳಗ್ಗೆ ಬೇಗ, ಗಾಳಿ ಏಳುವ ಮೊದಲು ಮಾಡಿ. ತೋಟದ ಪಂಪು ನಿಲ್ಲಿಸಿ. ಫೋನಿಗೆ ಒಂದು ಶಬ್ದಮಾಪಕ ಆ್ಯಪ್ ಹಾಕಿಕೊಂಡು, ಕಾರು ಆಫ್ ಇರುವಾಗ ಜಾಗದ ಸದ್ದನ್ನೇ ಮೊದಲು ಅಳೆಯಿರಿ. ಅದು ಕಾರಿನ ಸದ್ದಿಗಿಂತ 10 ಡೆಸಿಬೆಲ್ ಕಡಿಮೆ ಇದ್ದರೆ ಮಾತ್ರ ಕಾರಿನ ಅಳತೆಗೆ ಬೆಲೆ. ಜೀರುಂಡೆಗಳ ಹೊತ್ತಿನಲ್ಲಿ ಅಳೆದರೆ ಸಿಗುವುದು ಜೀರುಂಡೆಯ ಲೆಕ್ಕ.

ಕೇಳುವವರು ಕಾರಿನ ಎದುರು ನಿಲ್ಲಬಾರದು. ಕಾರು ಹಾದುಹೋಗುವಾಗ ಅದರ ಬದಿಯಿಂದ ಮೀಟರಿಗಿಂತ ತುಸು ಹೆಚ್ಚು ದೂರ ಇರುವಂತೆ ಪಕ್ಕಕ್ಕೆ ನಿಂತು, ಫೋನನ್ನು ಎದೆಮಟ್ಟಕ್ಕೆ ಹಿಡಿಯಲಿ. ಕಾರಿನ ಒಳಗೆ ಏಸಿ ಆಫ್, ಫ್ಯಾನ್ ಆಫ್, ಹಾಡು ಆಫ್. ಮೊದಲು 5 ಕಿ.ಮೀ., ಆಮೇಲೆ 10, ಆಮೇಲೆ 20. ಕೊನೆಗೆ ರಿವರ್ಸ್. ಪ್ರತಿ ವೇಗಕ್ಕೂ ಎರಡೆರಡು ಸಲ ಹೋಗಿ, ಒಂದು ಸಲ ಎಡಬದಿಯಿಂದ, ಇನ್ನೊಂದು ಸಲ ಬಲಬದಿಯಿಂದ ಕೇಳಿಸಿಕೊಳ್ಳಿ. ಒಂದು ಬದಿ ತೀರಾ ಮಂಕಾಗಿದ್ದರೆ ಸ್ಪೀಕರಿನ ಬಾಯಿಗೆ ಆ ಕಡೆಯಿಂದ ಏನೋ ಅಡ್ಡ ಬಂದಿರಬಹುದು.

ಸದ್ದು ಬಂದರಷ್ಟೇ ಸಾಲದು, ವೇಗದೊಂದಿಗೆ ಶ್ರುತಿಯೂ ಏರಬೇಕು. 5ರಿಂದ 20 ಕಿ.ಮೀ. ತನಕ ಪ್ರತಿ ಕಿಲೋಮೀಟರಿಗೆ ಶೇ. 0.8ರಷ್ಟಾದರೂ ಏರಬೇಕು ಎಂಬುದು ಅಳತೆ. ಒಟ್ಟು ಲೆಕ್ಕದಲ್ಲಿ ಅದು ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಏರಿದಷ್ಟು. ಸಂಗೀತ ಬಲ್ಲವರು ಇದ್ದರೆ ಕೇಳಿದ ಕೂಡಲೇ ಹೇಳಿಯಾರು. ಕಾರು ಹತ್ತಿರ ಬರುತ್ತಾ ವೇಗ ಹೆಚ್ಚಿಸುತ್ತಿದೆಯೇ, ನಿಲ್ಲಿಸುತ್ತಿದೆಯೇ ಎಂದು ಕಣ್ಣು ಕಾಣದವರು ಅಂದಾಜು ಮಾಡುವುದು ಈ ಏರಿಳಿತದಿಂದಲೇ.

ಫೋನಿನ ಅಂಕಿಯನ್ನು ನಿಯಮದ ಅಂಕಿಯ ಜೊತೆ ತಾಳೆ ಹಾಕಬೇಡಿ, ಆ್ಯಪುಗಳು ಹಲವು ಡೆಸಿಬೆಲ್ ಆಚೀಚೆ ತೋರಿಸುತ್ತವೆ. ಅದೇ ಫೋನು, ಅದೇ ಜಾಗ, ಅದೇ ದೂರ ಇಟ್ಟುಕೊಂಡು ಮೇ ತಿಂಗಳ ಅಂಕಿಯನ್ನು ಅಕ್ಟೋಬರಿನದರ ಜೊತೆ ಹೋಲಿಸಿ. 5-6 ಡೆಸಿಬೆಲ್ ಇಳಿದಿದ್ದರೆ ಸ್ಪೀಕರು ನೋಡುವ ಕೆಲಸ ಇದೆ.

ಎರಡು ಕಡೆ ಜನ ಸುಮ್ಮನೆ ಗಾಬರಿಯಾಗುತ್ತಾರೆ. ಬ್ರೇಕ್ ಒತ್ತಿ ನಿಂತಿರುವಾಗ ಸದ್ದು ಬಾರದಿದ್ದರೆ ಅದು ದೋಷವಲ್ಲ. ನಿಂತ ಗಾಡಿಯೂ ಸದ್ದು ಮಾಡಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ, ವಿಶ್ವಸಂಸ್ಥೆಯದು ಹೇಳುವುದಿಲ್ಲ. ಹೈಬ್ರಿಡ್ ಕಾರಿನಲ್ಲಿ ಎಂಜಿನ್ ಓಡುತ್ತಿದ್ದರೆ ಎಚ್ಚರಿಕೆ ದನಿ ಬರಬೇಕಾಗಿಯೇ ಇಲ್ಲ. ಪರೀಕ್ಷೆಗೆ ಮೊದಲು ಸ್ವಲ್ಪ ದೂರ ಓಡಿಸಿ ಎಂಜಿನ್ ಬಿಸಿ ಮಾಡಿ, ಬ್ಯಾಟರಿ ಮಟ್ಟ ಏರಿದ ಮೇಲೆ ಇವಿ ಮೋಡ್ ಹಾಕಿ, ಪೆಡಲ್ ಹಗುರವಾಗಿ ಒತ್ತಿ. ಏಸಿ ಹಾಕಿದ್ದರೆ ಎಂಜಿನ್ ಮತ್ತೆ ಮತ್ತೆ ಎದ್ದು ಕೆಲಸ ಕೆಡುತ್ತದೆ.

ಕೆಟ್ಟರೆ ಎಲ್ಲಿ ನೋಡುವುದು

ಸದ್ದು ಬರುತ್ತದೆ, ಆದರೆ ಮಂಕು: ಮುಕ್ಕಾಲುವಾಸಿ ಕೆಂಪು ಮಣ್ಣಿನ ಕೆಸರು. ನಮ್ಮ ಮಣ್ಣು ಒಣಗಿದರೆ ಗಾರೆಯ ಹಾಗೆ ಅಂಟುತ್ತದೆ. ಕಾರು ಆಫ್ ಮಾಡಿ, ಟಾರ್ಚ್ ಹಿಡಿದು ಬಂಪರಿನ ಕೆಳಗಿನಿಂದ ಸ್ಪೀಕರಿನ ಜಾಲರಿ ಹುಡುಕಿ. ಕೈಗೆ ಸಿಗುವಂತಿದ್ದರೆ ಮೆತ್ತಗಿನ ಬ್ರಶ್ಶು, ಹೋಸ್ ಪೈಪಿನಿಂದ ಸಣ್ಣಗೆ ಬಿಟ್ಟ ನೀರು, ಇಷ್ಟರಿಂದಲೇ ಕರಗಿಸಿ ತೆಗೆಯಬೇಕು. ವಾಟರ್ ಸರ್ವಿಸಿನ ಪ್ರೆಶರ್ ಗನ್ನು ನೇರವಾಗಿ ಅಲ್ಲಿಗೆ ಹಿಡಿಯಲು ಬಿಡಬೇಡಿ. ಒಳಗಿನ ಪರದೆ ತೆಳ್ಳಗಿನದು. ಒಮ್ಮೆ ಹರಿದರೆ ಇಡೀ ಯೂನಿಟ್ ಬದಲಿಸಬೇಕು. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಯೂ ಬೇಡ.

ಗರಗರ, ಬಿರಿದ ಸದ್ದು: ಒಳಗೆ ನೀರು ಹೊಕ್ಕಿದೆ ಅಥವಾ ಪರದೆ ಹರಿದಿದೆ. ಎರಡು ದಿನ ಒಣ ಜಾಗದಲ್ಲಿ ನಿಲ್ಲಿಸಿ ನೋಡಿ. ಹಾಗೆಯೇ ಇದ್ದರೆ ಯೂನಿಟ್ ಹೋಗಿದೆ. ನೀರು ತುಂಬಿದ ಅಂಡರ್‌ಪಾಸಿನಲ್ಲಿ ಇಳಿಸಿದ ಕಾರುಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಸ್ಪೀಕರು ಇರುವುದೇ ತಗ್ಗಿನಲ್ಲಿ.

ಸದ್ದೇ ಇಲ್ಲ: ಮೊದಲು ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಎಚ್ಚರಿಕೆ ಸಂದೇಶ ಇದೆಯೇ ನೋಡಿ. ಹಳೆಯ ಕೆಲವು ಮಾದರಿಗಳಲ್ಲಿ ಸದ್ದು ನಿಲ್ಲಿಸುವ ಸ್ವಿಚ್ಚೂ ಇರುತ್ತದೆ, ಯಾರಾದರೂ ಒತ್ತಿರಬಹುದು. ನಿಯಮದ ಹೊಸ ಆವೃತ್ತಿ ಅಂಥ ಸ್ವಿಚ್ಚನ್ನೇ ನಿಷೇಧಿಸಿದೆ. ಆಮೇಲೆ ಕೈಪಿಡಿ ನೋಡಿ ಫ್ಯೂಸ್. ಆಮೇಲೆ ಕನೆಕ್ಟರ್: ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಪಿನ್ನುಗಳು ಹಸಿರು ಹಿಡಿಯುತ್ತವೆ, ತೋಟದ ಮನೆಗಳಲ್ಲಿ ಇಲಿ ವಯರು ಕಡಿಯುತ್ತದೆ. ಸ್ಪೀಕರಿಗೆ ಬರುವುದು 12 ವೋಲ್ಟಿನ ಕರೆಂಟು. ಜೊತೆಗೆ ವೇಗ, ಗೇರಿನ ಮಾಹಿತಿ ತರುವ ಡೇಟಾ ವಯರು ಇರುತ್ತದೆ. ಅದಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ. ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲಿಗೆ ಕೈ ಹಾಕಲೇಬೇಡಿ, ಅದು ಹೈ ವೋಲ್ಟೇಜ್. ಸ್ಕ್ಯಾನರ್ ಹಾಕಿ ಕೋಡ್ ಓದುವ ಕೆಲಸ ವರ್ಕ್‌ಶಾಪಿನದು.

ಬಂಪರ್ ಬಿಚ್ಚಿ ಕೂರಿಸಿದ ಯಾವ ರಿಪೇರಿಯ ನಂತರವೂ ಈ ಪರೀಕ್ಷೆ ಮಾಡದೆ ಕಾರು ತರಬೇಡಿ. ಕನೆಕ್ಟರ್ ಮರಳಿ ಹಾಕಲು ಮರೆಯುವುದು, ಬ್ರ್ಯಾಕೆಟ್ ತಿರುಗಿ ಸ್ಪೀಕರಿನ ಬಾಯಿ ಒಳಮುಖವಾಗುವುದು, ಮಳೆಗಾಲಕ್ಕೆಂದು ತಳಕ್ಕೆ ಹೊಡೆಸುವ ರಬ್ಬರ್ ಕೋಟಿಂಗ್ ಜಾಲರಿಯನ್ನೇ ಮುಚ್ಚುವುದು, ಮೂರೂ ನಡೆಯುತ್ತವೆ. ಕೋಟಿಂಗಿಗೆ ಮೊದಲು ಜಾಲರಿಗೆ ಮಾಸ್ಕಿಂಗ್ ಟೇಪ್ ಹಾಕಿಸಿ, ಆದಮೇಲೆ ತೆಗೆಸಿ.

ಎವಿಎಎಸ್ ಇಲ್ಲದ ಕಾರಿಗೆ ಹಾಡು ನುಡಿಸುವ ಕಿಟ್ಟು, ಸೈರನ್ ಜೋಡಿಸುವುದು ಬೇಡ. ಬೇರೆ ಬೇರೆ ಸ್ವರಗಳ ಹಾರ್ನು ಮೋಟಾರು ವಾಹನ ನಿಯಮಕ್ಕೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಹಾಡು ಕೇಳಿದವರಿಗೆ ಗಾಡಿ ಬಂತೆಂದು ಹೊಳೆಯುವುದಿಲ್ಲ. 2022ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಟೆಸ್ಲಾ ಲಕ್ಷಗಟ್ಟಲೆ ಕಾರುಗಳ ಸಾಫ್ಟ್‌ವೇರ್ ಬದಲಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ: ಓಡುವಾಗ ಹೊರಗಿನ ಸ್ಪೀಕರಿನಲ್ಲಿ ಬೇರೆ ಸದ್ದು ಹಾಕಿದರೆ ಎಚ್ಚರಿಕೆ ದನಿ ಮುಚ್ಚಿಹೋಗುತ್ತಿತ್ತು.

ದನಿ ಇದ್ದರೂ ಸಾಲದ ಹೊತ್ತು

ಆಟಿಯ ಮಳೆ ತಗಡಿನ ಮಾಡಿಗೆ ಹೊಡೆಯುವಾಗ 50 ಡೆಸಿಬೆಲ್ ಯಾವ ಮೂಲೆಗೂ ಸಾಲದು. ಕೊಡೆ ಹಿಡಿದು ನಡೆಯುವವರ ಕಿವಿಯ ಪಕ್ಕದಲ್ಲೇ ಮಳೆ ಬಡಿಯುತ್ತಿರುತ್ತದೆ, ಹಿಂದೆ ನೋಡಲೂ ಕೊಡೆ ಅಡ್ಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪೀಕರನ್ನು ನಂಬಿ ಯಾರ ಹಿಂದೆಯೂ ಹೋಗಬೇಡಿ. ಹಗಲಲ್ಲೂ ಲೋ ಬೀಮ್ ಉರಿಸಿ, 10-15 ಮೀಟರ್ ಹಿಂದಿನಿಂದಲೇ ಒಂದು ಚಿಕ್ಕ ಹಾರ್ನ್ ಕೊಡಿ, ಅವರು ತಿರುಗಿ ನೋಡಿದ ಮೇಲೆ ಒಂದೂವರೆ ಮೀಟರ್ ಜಾಗ ಬಿಟ್ಟು ದಾಟಿ. ತೀರಾ ಹತ್ತಿರ ಹೋಗಿ ಉದ್ದ ಹಾರ್ನ್ ಹೊಡೆದರೆ ಬೆಚ್ಚಿ ಯಾವ ಕಡೆಗೆ ಹಾರುತ್ತಾರೆಂದು ಹೇಳಲಾಗದು.

ಅಂಗಳದಿಂದ ರಿವರ್ಸ್ ತೆಗೆಯುವಾಗ ಮನೆಯ ಮಕ್ಕಳು ಎಲ್ಲಿದ್ದಾರೆಂದು ಹೆಸರು ಹಿಡಿದು ಕೇಳಿ, ಗಾಜು ಇಳಿಸಿ, ಆಮೇಲೆ ಗೇರ್ ಹಾಕಿ. ನಿಯಮದಲ್ಲೇ ಅತಿ ಮೆಲ್ಲಗಿನ ಅಳತೆ ರಿವರ್ಸಿನದು. ಮಾತಾಡಲು ಯಾರಾದರೂ ಕಿಟಕಿಯ ಹತ್ತಿರ ಬಂದರೆ ಬ್ರೇಕ್ ಮಾತ್ರ ಒತ್ತಿ ಕೂರಬೇಡಿ, ಪಾರ್ಕಿಗೆ ಹಾಕಿ. ಕಾರು ಆನ್ ಇದೆಯೆಂದು ಹೊರಗಿನವರಿಗೆ ಯಾವ ಗುರುತೂ ಸಿಗುವುದಿಲ್ಲ.

ನಡೆಯುವವರಿಗೆ ಹೇಳಬೇಕಾದ್ದು: ಕಾಲುದಾರಿ ಇಲ್ಲದ ಕಡೆ ಬಲಬದಿಯಲ್ಲಿ ನಡೆಯಿರಿ, ಹತ್ತಿರದ ಗಾಡಿಗಳು ಆಗ ಎದುರಿನಿಂದ ಬರುತ್ತವೆ. ವಿದ್ಯುತ್ ರಿಕ್ಷಾ, ಸ್ಕೂಟರುಗಳು ಸಾರಿಗೆ ಸಚಿವಾಲಯದ ಆ ಕರಡು ನಿಯಮದಲ್ಲಿ ಸೇರಿರಲಿಲ್ಲ. ಅವುಗಳಿಂದ ಸದ್ದು ನಿರೀಕ್ಷಿಸಬೇಡಿ.

ಕಾಸರಗೋಡಿನ ವಿದ್ಯಾನಗರದಲ್ಲಿ ಸರಕಾರಿ ಅಂಧರ ಶಾಲೆ ಇದೆ. ಆ ಸುತ್ತಿನಲ್ಲಿ ಬಿಳಿ ಕೋಲು ಕಂಡರೆ ಪೂರ್ತಿ ನಿಲ್ಲಿಸಿ, ದಾರಿ ಬಿಟ್ಟಿದ್ದೇನೆಂದು ಬಾಯಲ್ಲೇ ಹೇಳಿ. ನಿಮ್ಮ ನೆರೆಕರೆಯಲ್ಲಿ ಕಣ್ಣು ಮಂಜಾದವರಿದ್ದರೆ, ಹೊಸ ಕಾರು ತಂದ ವಾರದಲ್ಲೇ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು, ಮುಂದಕ್ಕೆ ಹೋಗುವ ಸದ್ದು ಯಾವುದು, ರಿವರ್ಸಿನದು ಯಾವುದು ಎಂದು ನಾಲ್ಕೈದು ಸಲ ಕೇಳಿಸಿ. ಕಂಪನಿಗೊಂದು ಸದ್ದು ಇರುವುದರಿಂದ, ಮೊದಲೇ ಕೇಳಿ ಗೊತ್ತಿಲ್ಲದವರಿಗೆ ಅದು ಕಾರೆಂದು ತಿಳಿಯಲು ಹೊತ್ತು ಹಿಡಿಯುತ್ತದೆ.