ಕಾಲು ಬಿಟ್ಟು ಹಾಡುಗಾರನನ್ನು ನೋಡಿದೆ

ಹಾಡು, ಗಿಟಾರ್, ಕುಣಿತ ಮೂರೂ ಸೇರಿದ ಸ್ಪೇನಿನ ಕಲೆ ಫ್ಲಮೆಂಕೊ ನೋಡೋಕೆ ಹೋದವರ ಕಣ್ಣು ಮೊದಲು ಹೋಗುವುದು ಕುಣಿಯುವವರ ಕಾಲಿಗೆ. ನಾನೂ ಹಾಗೇ ಶುರು ಮಾಡಿದೆ. ಮೃದಂಗ ನುಡಿಸುವವನಾದ್ದರಿಂದ, ಸ್ಪೇನಿನ ಸೆವಿಲ್‌ನಲ್ಲಿ, ತ್ರಿಯಾನಾ ಬಡಾವಣೆಯ ಒಂದು ಪುಟ್ಟ ತಬ್ಲಾವೊದಲ್ಲಿ (ಫ್ಲಮೆಂಕೊ ನಡೆಯುವ ಜಾಗ) ಕೂತಾಗ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಲೆಕ್ಕ ಹಾಕತೊಡಗಿದವು.

ಸೊಲೆಯಾ ಎಂಬ ಫ್ಲಮೆಂಕೊ ಪ್ರಕಾರಕ್ಕೆ 12 ಏಟಿನ ಆವರ್ತ. ಒತ್ತು 3, 6, 8, 10, 12ರ ಮೇಲೆ. ಮೊದಲು ಮೂರು ಮೂರು, ಆಮೇಲೆ ಎರಡೆರಡು. ಕರ್ನಾಟಕ ಸಂಗೀತದಲ್ಲಿ ನಾವು ಮುಕ್ತಾಯ ಮಾಡಿ ಸಮಕ್ಕೋ (ಆವರ್ತದ ಮೊದಲ ಏಟು) ಎಡುಪಿಗೋ (ಹಾಡಿನ ಸಾಲು ಶುರುವಾಗುವ ಜಾಗ) ಬಂದು ನಿಲ್ಲುತ್ತೇವೆ. ಇಲ್ಲಿ ಮಾತು ಮುಗಿಯುವುದು 10ಕ್ಕೆ. ಇದು ಮೈಗೆ ಹತ್ತೋಕೆ ಸುಮಾರು ಹೊತ್ತು ಬೇಕಾಯಿತು.

ಲೆಕ್ಕ ಕೈಗೆ ಸಿಕ್ಕ ಮೇಲೆ ಹಾಡುಗಾರನ ಕಡೆ ತಿರುಗಿದೆ. ಆತ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಒಂದೇ ಅಕ್ಷರವನ್ನು ಎಳೆಯುತ್ತಿದ್ದ. ಕುಣಿಯುವವಳು ಆಗ ಕುಣಿಯುತ್ತಲೇ ಇರಲಿಲ್ಲ! ಭುಜ ಮಾತ್ರ ನಿಧಾನಕ್ಕೆ ಏರುತ್ತಿತ್ತು. ಗಿಟಾರಿನವನ ಕಣ್ಣು ತಂತಿಯ ಮೇಲಿಲ್ಲ, ಅವಳ ಹಿಮ್ಮಡಿಯ ಮೇಲೆ. ಹಾಡುಗಾರ ಸಾಲನ್ನು ಇನ್ನೊಂದು ಆವರ್ತಕ್ಕೆ ಎಳೆದ. ಗಿಟಾರಿನವನು ತಂತಿ ಮೀಟಲಿಲ್ಲ, ಮರದ ಮೇಲೆ ಬೆರಳಿನಿಂದ ಒಂದು ಏಟು ಕೊಟ್ಟು ಕಾದ. ದನಿ ಇಳಿಯುತ್ತಿದ್ದ ಹಾಗೇ ಅವಳ ಹಿಮ್ಮಡಿ ಬಿತ್ತು, ಸರಿಯಾಗಿ 10ಕ್ಕೆ ನಿಂತಿತು. ಪಕ್ಕದವರ ಬಾಯಲ್ಲಿ 'ಓಲೆ' ಬಂತು, ನಮ್ಮ 'ಭೇಷ್' ಇದ್ದ ಹಾಗೆ. ನನಗೆ ಮೈ ಜುಮ್ಮೆಂದಿತು.

ಸ್ಪೇನಿನ ಕವಿ ಲೋರ್ಕಾ 1933ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮಾಡಿದ ಭಾಷಣದಲ್ಲಿ ಒಬ್ಬ ಹಿರಿಯ ಗಿಟಾರ್ ವಾದಕರ ಮಾತನ್ನು ನೆನೆಯುತ್ತಾರೆ: ದುಯೆಂದೆ (ಕಲಾವಿದರನ್ನು ಆವರಿಸುವ ಸ್ಫೂರ್ತಿ) ಇರುವುದು ಗಂಟಲಲ್ಲಲ್ಲ, ಅದು ಅಂಗಾಲಿನಿಂದ ಒಳಗೊಳಗೇ ಏರಿ ಬರುತ್ತದೆ. ನಾನು ಕಂಡದ್ದಕ್ಕೆ ಇನ್ನೂ ಒಂದು ಸೇರಿಸಬೇಕು ಅನ್ನಿಸುತ್ತದೆ. ಅಂದು ಅದು ಒಬ್ಬರ ಅಂಗಾಲಿನಿಂದ ಇನ್ನೊಬ್ಬರ ಗಂಟಲಿಗೆ ಹೋಗುತ್ತಿತ್ತು. ಆ ಹಿಮ್ಮಡಿ ಬಿದ್ದದ್ದಕ್ಕೇ ಹಾಡುಗಾರ ಮುಂದಿನ ಸಾಲನ್ನು ಅಷ್ಟು ಎತ್ತರದಲ್ಲಿ ಹಿಡಿದ. ಸ್ಫೂರ್ತಿ ಯಾರದ್ದು ಅಂತ ಹೇಗೆ ಹೇಳೋದು? 12 ಏಟು ಎಲ್ಲರ ಮೈಯಲ್ಲೂ ಇದ್ದದ್ದಕ್ಕೇ ಆತನಿಗೆ ಹಾಗೆ ಎಳೆಯುವ ಧೈರ್ಯ ಬಂತು, ಅಲ್ವಾ? ಕಛೇರಿಯಲ್ಲಿ ಗಾಯಕರು ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನಿರವಲ್‌ಗೆ ಇಳಿದಾಗ ನಾನು ಈಗ ನನ್ನ ನಡೆ ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಅವರು ಉಸಿರು ತೆಗೆದುಕೊಳ್ಳುವುದನ್ನು ನೋಡುತ್ತೇನೆ.

ನೀವು ಹೋದರೆ ಹಾಡುಗಾರ, ಗಿಟಾರಿನವರು ಇಬ್ಬರೂ ಕಾಣುವ ಪಕ್ಕದ ಕುರ್ಚಿ ಕೇಳಿ. ತಾಳಕ್ಕೆ ಚಪ್ಪಾಳೆ ಸೇರಿಸಬೇಡಿ. ಅಲ್ಲಿ ಪಾಲ್ಮಾಸ್, ಅಂದರೆ ಚಪ್ಪಾಳೆಯೇ, ಒಂದು ವಾದ್ಯ, ಅದನ್ನು ನುಡಿಸುವವರು ವೇದಿಕೆಯ ಮೇಲೇ ಇರುತ್ತಾರೆ.