ಪಂಪ್‌ಹೌಸ್ ನೋಡಲು ದುಡ್ಡು ಕೊಡುತ್ತಾರೆಯೇ?

ಕೊಡುತ್ತಾರೆ. ತಲೆಗೆ 1,500 ರೂಪಾಯಿ ಕೊಟ್ಟು, ಬೆಳಗಿನ ಐದೂಮುಕ್ಕಾಲಿಗೆ ಹೋಟೆಲಿನ ಬಾಗಿಲಲ್ಲಿ ಶೂ ಕಟ್ಟಿಕೊಂಡು ನಿಂತಿರುತ್ತಾರೆ. ಮಂಗಳೂರಿಗೆ ಸಮ್ಮೇಳನಕ್ಕೆ ಬಂದವರನ್ನು ನೀರಿನ ಪಂಪ್‌ಹೌಸ್‌ನಂಥ ಜಾಗ ನೋಡಲು ಕರೆದುಕೊಂಡು ಹೋಗುವುದು ನನ್ನ ಕಸುಬು. ಕಳೆದ ಫೆಬ್ರವರಿಯಲ್ಲಿ ನನ್ನ ಹದಿನಾರು ಸೀಟಿಗೆ ಇಪ್ಪತ್ತೆಂಟೋ ಮೂವತ್ತೋ ಮಂದಿ ಹೆಸರು ಬರೆಸಿದ್ದರು. ಹಂಪನಕಟ್ಟೆಯ ಟ್ರಾವೆಲ್ಸ್ ಗೆಳೆಯರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. "ಮಾರಾಯರೇ, ಸಮ್ಮೇಳನಕ್ಕೆ ಬಂದವರನ್ನು ಕುದ್ರೋಳಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಅಲೋಶಿಯಸ್ ಚಾಪೆಲಿನ ಚಿತ್ರ ತೋರಿಸಿ, ಸಂಜೆ ಪಣಂಬೂರು ಬೀಚಿನಲ್ಲಿ ಬಿಡಿ. ಪಂಪು, ಪೈಪು ಯಾರಿಗೆ ಬೇಕು?" ಎಂದು ಅವರು ನಕ್ಕದ್ದು ನನಗೆ ಮರೆತಿಲ್ಲ.

ಪೈಪ್‌ಲೈನ್ ಗುತ್ತಿಗೆದಾರರೊಬ್ಬರ ಬಳಿ ಹನ್ನೆರಡು ವರ್ಷ ಸೂಪರ್‌ವೈಸರ್ ಆಗಿದ್ದವನು ನಾನು. ಮಣ್ಣಿನಡಿ ಹೋದದ್ದನ್ನು ಯಾರೂ ನೋಡುವುದಿಲ್ಲ ಎಂಬ ಸಂಕಟ ಆಗಿನದು. ಸಮ್ಮೇಳನದ ಕರಪತ್ರದಲ್ಲಿ 'ತಾಂತ್ರಿಕ ಭೇಟಿ' ಎಂಬ ಸಾಲು ಎಲ್ಲರೂ ಹಾಕುತ್ತಾರೆ, ಬಸ್ಸು ಮಾತ್ರ ಮಾಲ್‌ಗೆ ಹೋಗುತ್ತದೆ. ಇದು ನಮ್ಮ ಕಸುಬಿನವರಿಗೆ ಹೊಸ ಸುದ್ದಿಯಲ್ಲ. ಪಾಸು, ವಿಮೆ, ಹೆಲ್ಮೆಟ್ ವಿಷಯವೂ ನಿಮಗೆ ಗೊತ್ತಿದೆ. ಆದ್ದರಿಂದ ನಾನು ಎಲ್ಲಿ ಮುಗ್ಗರಿಸಿದೆ ಎಂಬಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲ ಸಲ ದುರಾಸೆ. ಒಂದೇ ದಿನದಲ್ಲಿ ಐದು ಜಾಗ, ನಲವತ್ತು ಸೀಟಿನ ಬಸ್ಸು, ತಲೆಗೆ 400 ರೂಪಾಯಿ. ಹೆಸರು ಕೊಟ್ಟವರು ಮೂವತ್ತೊಂದು, ಬಂದವರು ಹನ್ನೆರಡು, ಯಾಕೆಂದರೆ ನಾನು ಇಟ್ಟದ್ದು ಸಮಾರೋಪದ ಮಧ್ಯಾಹ್ನ. ಉಳಿದವರೆಲ್ಲ ಬಜ್ಪೆಯ ವಿಮಾನ ಹಿಡಿಯಲು ಹೋಗಿದ್ದರು. ಎರಡನೆಯ ಜಾಗದ ಗೇಟಿನಲ್ಲಿ ಪಟ್ಟಿಯಲ್ಲಿ ಬರೆದ ಗುರುತಿನ ಚೀಟಿಯೇ ಬೇರೆ, ನಾಲ್ವರು ಜೇಬಿನಿಂದ ತೆಗೆದದ್ದೇ ಬೇರೆ. ತಪ್ಪು ನಮ್ಮದೇ. ಒಂದೂವರೆ ಗಂಟೆ ಬಿಸಿಲಿನಲ್ಲಿ ನಿಂತೆವು. ಮೂರನೆಯ ಜಾಗ ತಲುಪುವಾಗ ಕತ್ತಲು. ಬಸ್ಸಿಗೆ ಹದಿನಾಲ್ಕು ಸಾವಿರ, ಊಟದ ಡಬ್ಬಿ ಮೂವತ್ತೈದು ಜನರಿಗೆ ಹೇಳಿಬಿಟ್ಟಿದ್ದೆ. ಒಟ್ಟು ಹದಿನೈದು ಸಾವಿರದ ಮೇಲೆ ಕೈಯಿಂದ ಹೋಯಿತು. ಮಿಕ್ಕ ಡಬ್ಬಿಗಳನ್ನು ಮನೆಗೆ ತಂದಾಗ ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಎರಡನೆಯದು ವಾರಾಹಿ ಜಲವಿದ್ಯುತ್ ಯೋಜನೆ. ಹೊಸಂಗಡಿಯ ಭೂಗರ್ಭ ವಿದ್ಯುದಾಗಾರ ನಮ್ಮ ಉಡುಪಿ ಜಿಲ್ಲೆಯ ಹೆಮ್ಮೆ: 115 ಮೆಗಾವಾಟ್‌ನ ನಾಲ್ಕು ಯಂತ್ರ, ಒಟ್ಟು 460, ಬೆಟ್ಟದ ಹೊಟ್ಟೆಯೊಳಗೆ. ನೋಡಿದವರು ಬಾಯಿ ತೆರೆದುಕೊಂಡು ನಿಲ್ಲುತ್ತಾರೆ. ಆದರೆ ಮಂಗಳೂರಿನಿಂದ ಹೋಗಿ ಬರುವುದರಲ್ಲಿ ಒಂದು ದಿನ ಪೂರ್ತಿ ಮುಗಿಯುತ್ತದೆ. ಪ್ರಬಂಧ ಓದಬೇಕಾದವರನ್ನು ಒಂದು ದಿನ ಹೊತ್ತೊಯ್ದದ್ದಕ್ಕೆ ಸಂಘಟಕರು ನನ್ನ ಮೇಲೆ ರೇಗಿದರು. ಅವರು ರೇಗಿದ್ದು ಸರಿಯೇ.

ಮೂರನೆಯದು ಯಂತ್ರದ ಮರುಳು. ಪಂಪಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಎಂದು ಕಿವಿಗೆ ಹಾಕುವ ವೈರ್‌ಲೆಸ್ ಸೆಟ್ ಇಪ್ಪತ್ತು ಕೊಂಡೆ, ಸೆಕೆಂಡ್ ಹ್ಯಾಂಡ್, ಮೂವತ್ತೆಂಟು ಸಾವಿರದ ಆಸುಪಾಸು. ಮೋಟರಿನ ಹತ್ತಿರ ಕರಕರ, ಕಡಲ ಬದಿಯಲ್ಲಿ ಗಾಳಿಯ ಭೋರು. ಹೆಲ್ಮೆಟ್ ಹಾಕಿದರೆ ಸೆಟ್ ನಿಲ್ಲುವುದಿಲ್ಲ, ಸೆಟ್ ಹಾಕಿದರೆ ಹೆಲ್ಮೆಟ್ ಕೂರುವುದಿಲ್ಲ. ಅವು ಈಗ ಅಟ್ಟದಲ್ಲಿವೆ. ಜೊತೆಗೆ ಇಪ್ಪತ್ತು ಜೋಡಿ ಗಂಬೂಟು ಸಹ ಕೊಂಡಿದ್ದೆ, ಎಲ್ಲವೂ ಒಂಬತ್ತು ನಂಬರು! ಅವನ್ನು ಅರ್ಧ ಬೆಲೆಗೆ ಬಂದರಿನ ದಕ್ಕೆಯಲ್ಲಿ ಮೀನುಗಾರರಿಗೆ ಮಾರಿದೆ. ಇಡೀ ಸಾಹಸದಲ್ಲಿ ತಕ್ಷಣ ಖರ್ಚಾದ ಸರಕು ಅದೊಂದೇ.

ಕೊನೆಗೆ ಕೈಹಿಡಿದದ್ದು ತೀರ ಸರಳವಾದದ್ದು. ಒಂದು ಜಾಗ, ಹದಿನಾರೇ ಮಂದಿ, ಸಮ್ಮೇಳನದ ಎರಡನೆಯ ದಿನದ ಬೆಳಗಿನ ಜಾವ. ಆರಕ್ಕೆ ಹೊರಟು ಒಂಬತ್ತೂವರೆಗೆ ಸಭಾಂಗಣದ ಬಾಗಿಲಲ್ಲಿ ಇಳಿಸುತ್ತೇನೆ. ಸಂಘಟಕರ ಒಂದು ನಿಮಿಷವೂ ಹಾಳಾಗುವುದಿಲ್ಲ, ನಮ್ಮ ಊರಿನ ಸೆಕೆಯೂ ಅಷ್ಟು ಹೊತ್ತಿಗೆ ಎದ್ದಿರುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ಗಾಡಿಯಲ್ಲೇ ಹೇಳಿ ಮುಗಿಸುತ್ತೇನೆ, ಕೈಗೆ ಲ್ಯಾಮಿನೇಟ್ ಮಾಡಿದ ಒಂದು ನಕ್ಷೆ ಕೊಡುತ್ತೇನೆ, ಜಾಗಕ್ಕೆ ಇಳಿದ ಮೇಲೆ ನಾನು ಬಾಯಿ ಬಿಡುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಮಾತನಾಡುತ್ತಾರೆ. ಅಧಿಕಾರಿಗಳನ್ನು ಗೌರವದಿಂದ ಆಹ್ವಾನಿಸುತ್ತೇನೆ, ಆದರೆ ಮಾತು ಆಪರೇಟರುಗಳದ್ದು.

ಆ ಒಂದು ಜಾಗ ತುಂಬೆ. ಮಂಗಳೂರಿಗೆ ನೀರು ಕೊಡುವ, ನೇತ್ರಾವತಿಯ ಈ ಕಿಂಡಿ ಅಣೆಕಟ್ಟು ಎಂದರೆ ಊರವರಿಗೆ ಏಪ್ರಿಲ್–ಮೇ ತಿಂಗಳ ಆತಂಕ. ಕ್ರಿಕೆಟ್ ಸ್ಕೋರು ನೋಡುವ ಹಾಗೆ ಪತ್ರಿಕೆಯಲ್ಲಿ ತುಂಬೆಯ ಮಟ್ಟ ನೋಡುತ್ತೇವೆ. ಆರು ಮೀಟರ್ ಇದ್ದರೆ ನೆಮ್ಮದಿ, ನಾಲ್ಕಕ್ಕೆ ಇಳಿದರೆ ಬಕೆಟ್ ತುಂಬಿಸಿಡುತ್ತೇವೆ. 2019ರ ಬೇಸಿಗೆಯಲ್ಲಿ ನಗರಕ್ಕೆ ರೇಷನಿಂಗ್ ಮಾಡಿ ನೀರು ಬಿಟ್ಟದ್ದು ಯಾರಿಗೆ ನೆನಪಿಲ್ಲ? ಹೊರಗಿನಿಂದ ಬಂದವರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಗಾಡಿ ಪಡೀಲು ದಾಟುವಾಗ ನಾನು ಹೇಳುವುದು ಇಷ್ಟೇ: "ಈಗ ತಾನೇ ನೀವು ಸ್ನಾನ ಮಾಡಿ ಬಂದ ನೀರು ಹೊರಟ ಜಾಗಕ್ಕೆ ಹೋಗುತ್ತಿದ್ದೇವೆ." ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ.

ಜನವರಿಯಿಂದ ಮಾರ್ಚ್‌ವರೆಗೆ ಹೋಗಬೇಕು. ಗೇಟು ಹಾಕಿ ನೀರು ನಿಂತಿರುತ್ತದೆ, ಮೇಲೆ ಮಂಜು, ಒಂದು ಬದಿ ತುಂಬಿದ ಕೆರೆಯ ಹಾಗೆ, ಇನ್ನೊಂದು ಬದಿ ಮರಳು ಮತ್ತು ಬಂಡೆ. ಮಳೆಗಾಲದಲ್ಲಿ ಗೇಟೆಲ್ಲ ಎತ್ತಿಬಿಟ್ಟಿರುತ್ತಾರೆ, ಕೆಂಪು ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ. ಜುಲೈನಲ್ಲಿ ಒಮ್ಮೆ ಕರೆದುಕೊಂಡು ಹೋಗಿ, ಹದಿನಾರು ಕೊಡೆಗಳನ್ನು ನೋಡಿಕೊಂಡು ಬಂದೆ.

ಪಂಪಿನ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ಆಪರೇಟರರೊಬ್ಬರು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು, "ಇದು ಇನ್ನೆರಡು ತಿಂಗಳು ಬರಬಹುದು" ಎಂದರು. ಗುಂಪಿನಲ್ಲಿ ಒಬ್ಬ ಪ್ರಾಧ್ಯಾಪಕರಿದ್ದರು, ಮೂವತ್ತು ವರ್ಷ ಪಂಪಿನ ಪಾಠ ಮಾಡಿದವರು. ಅವರು ಸ್ಕ್ರೂಡ್ರೈವರ್ ಕೇಳಿ ಪಡೆದರು. ಮೊದಲು ಆ ಪಂಪು, ಆಮೇಲೆ ಪಕ್ಕದ್ದು, ಮತ್ತೆ ಮೊದಲಿನದು. ಕರೆಂಟು ತಟ್ಟನೆ ಹೋದಾಗ ಕೊಳವೆಯೊಳಗಿನ ನೀರು ಹಿಂದಕ್ಕೆ ಬಂದು ವಾಲ್ವಿಗೆ ಹೊಡೆಯುವ ಸದ್ದು ಹೇಗಿರುತ್ತದೆ ಎಂದು ಆಪರೇಟರರು ಕಬ್ಬಿಣದ ಬಾಗಿಲಿಗೆ ಗುದ್ದಿ ತೋರಿಸಿದಾಗ ಇಬ್ಬರು ಬೆಚ್ಚಿಬಿದ್ದರು. ಹೊರಡುವ ಹೊತ್ತಿಗೆ ಪ್ರಾಧ್ಯಾಪಕರನ್ನು ಕೈಹಿಡಿದು ಎಳೆದುಕೊಂಡು ಬರಬೇಕಾಯಿತು. ಆಪರೇಟರುಗಳನ್ನು ಹೀಗೆ ಮಾತಿಗೆ ಇಳಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದು. ಅವರಿಗೆ ಕೈಗೆ ಕಾಸು ಕೊಡುವುದಿಲ್ಲ, ಕೊಡಲೂಬಾರದು. ಅತಿಥಿಗಳಿಗೆ ಕಟ್ಟಿಸಿಕೊಂಡು ಹೋದ ಬನ್ಸ್, ಕಡಲೆ ಗಸಿಯನ್ನೇ ಅವರ ಜೊತೆ ಕೂತು ತಿನ್ನುತ್ತೇವೆ.

ನಡುನಡುವೆ ಬೇರೆ ಪ್ರಯೋಗವೂ ಮಾಡಿದೆ. ಸುರತ್ಕಲ್ ನಿಲ್ದಾಣದಲ್ಲಿ ಕೊಂಕಣ ರೈಲ್ವೆಯ ರೋ-ರೋ, ಅಂದರೆ ಸರಕು ತುಂಬಿದ ಲಾರಿಗಳೇ ರೈಲು ಹತ್ತಿ ಮಹಾರಾಷ್ಟ್ರದ ಕೋಲಾಡಿಗೆ ಹೋಗುವುದು. ಚಾಲಕರು ತಮ್ಮ ಲಾರಿಯ ಕ್ಯಾಬಿನ್ನಿನಲ್ಲೇ ಊಟ, ನಿದ್ದೆ ಎಲ್ಲ ಮಾಡಿಕೊಂಡು ಸಾಗುವುದನ್ನು ಕಂಡರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಲಾರಿ ಹತ್ತಿಸುವ ಹೊತ್ತು ನಮ್ಮ ಗಡಿಯಾರಕ್ಕೆ ಕೂಡಿಬರುವುದಿಲ್ಲ. ಸಿಕ್ಕಿದರೆ ಲಾಭ ಎಂದಷ್ಟೇ ಇಟ್ಟುಕೊಂಡಿದ್ದೇನೆ. ಪಣಂಬೂರಿನ ಕಡೆ ಹೋಗುವ ಗುಂಪಾದರೆ ಕುದುರೆಮುಖದ ಅದಿರು ಕೆಸರಿನ ರೂಪದಲ್ಲಿ 67 ಕಿಲೋಮೀಟರ್ ಕೊಳವೆಯಲ್ಲಿ ಇಳಿದು ಬರುತ್ತಿದ್ದ ಕಥೆ ಹೇಳುತ್ತೇನೆ. 2005ರ ಕೊನೆಗೆ ಗಣಿ ನಿಂತಿತು, ಕಥೆಗೆ ಮಾತ್ರ ಇನ್ನೂ ಬೆಲೆಯಿದೆ.

ಅಚ್ಚರಿಯೆಂದರೆ ದಕ್ಕೆಯ ಬದಿಯ ಐಸ್ ಪ್ಲಾಂಟು. ಉಪ್ಪುನೀರಿನ ತೊಟ್ಟಿ, ಅದರಲ್ಲಿ ಮುಳುಗಿಸಿದ ಡಬ್ಬಿಗಳು, ಅಮೋನಿಯಾ ಕಂಪ್ರೆಸರು, ಕೊನೆಗೆ ಐಸ್ ಪುಡಿ ಮಾಡಿ ನೇರ ದೋಣಿಗೆ ಸುರಿಯುವುದು. ದೊಡ್ಡ ಸ್ಥಾವರಗಳ ಮುಂದೆ ಸುಮ್ಮನೆ ತಲೆಯಾಡಿಸುವವರು ಇಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ, ಯಾಕೆಂದರೆ ಯಂತ್ರದ ಪ್ರತಿ ಭಾಗವೂ ಕಣ್ಣೆದುರಿಗಿದೆ. ಬಿಳಿ ಶೂ ಹಾಕಿ ಬಂದವರೊಬ್ಬರು ಮೀನಿನ ನೀರು ತುಳಿದು ನನ್ನನ್ನು ಶಪಿಸಿದರು, ಮರುವರ್ಷ ಇಬ್ಬರು ವಿದ್ಯಾರ್ಥಿಗಳನ್ನು ಕಳಿಸಿದರು. ಜೂನ್, ಜುಲೈ ಟ್ರಾಲಿಂಗ್ ನಿಷೇಧದ ಕಾಲದಲ್ಲಿ ಮಾತ್ರ ಅಲ್ಲಿ ಕೆಲಸ ಕಾಣುವುದಿಲ್ಲ.

ಇನ್ನು ಲೆಕ್ಕ. ಹದಿನಾರು ಸೀಟಿಗೆ 24,000. ಟೆಂಪೊ ಟ್ರಾವೆಲರಿಗೆ ಐದೂವರೆ ಸಾವಿರ, ತಿಂಡಿಗೆ ಎರಡು ಸಾವಿರ ಚಿಲ್ಲರೆ, ಸಂಘಟಕರ ಪಾಲು ಹತ್ತು ಶೇಕಡಾ. ವಿಮೆ, ನಕ್ಷೆ, ಹೆಲ್ಮೆಟ್ ತೊಳೆಸಿದ್ದು ಎಲ್ಲ ಸೇರಿ ಒಂದೂವರೆ ಸಾವಿರ. ಹನ್ನೆರಡು ಸಾವಿರದ ಹತ್ತಿರ ಉಳಿಯುತ್ತದೆ, ಮೂರೂವರೆ ಗಂಟೆಯ ಕೆಲಸಕ್ಕೆ. 400 ರೂಪಾಯಿ ಇದ್ದಾಗ ಹೆಸರು ಕೊಟ್ಟವರು ಬರುತ್ತಿರಲಿಲ್ಲ. 1,500 ಮಾಡಿದ ಮೇಲೆ ಜ್ವರ ಬಂದರೂ ಬರುತ್ತಾರೆ. ಹದಿನೇಳನೆಯವರನ್ನು ಹತ್ತಿಸಿಕೊಳ್ಳಿ ಎಂದು ಎಷ್ಟು ಒತ್ತಾಯಿಸಿದರೂ ಒಪ್ಪುವುದಿಲ್ಲ. ಒಮ್ಮೆ ಒಪ್ಪಿ, ಚಾಲಕನ ಪಕ್ಕ ಬಾನೆಟ್ಟಿನ ಮೇಲೆ ನಾನೇ ಕೂತು ಬಂದಿದ್ದೇನೆ.

ಕುದ್ರೋಳಿ ತೋರಿಸಿ ಎಂದಿದ್ದ ಗೆಳೆಯರು ಮೊನ್ನೆ ಫೋನ್ ಮಾಡಿದ್ದರು. ಡಿಸೆಂಬರಿನಲ್ಲಿ ಮಣಿಪಾಲದಲ್ಲಿ ವೈದ್ಯರ ಸಮ್ಮೇಳನವಂತೆ, ಅವರೂ ತುಂಬೆ ಕೇಳುತ್ತಿದ್ದಾರಂತೆ. ಅಲ್ಲಿಂದ ತುಂಬೆ ದೂರ, ಒಂಬತ್ತೂವರೆಗೆ ಮರಳಲಾಗದು. ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಹತ್ತಿರವಿದೆ, ಮೊದಲು ನಾನೊಬ್ಬನೇ ಹೋಗಿ ಅಲ್ಲಿನ ಆಪರೇಟರುಗಳೊಂದಿಗೆ ಚಹಾ ಕುಡಿದು ಬರುತ್ತೇನೆ, ಆಮೇಲೆ ಹೇಳುತ್ತೇನೆ ಎಂದೆ. ದರ ಮಾತ್ರ ಆಗಲೇ ಹೇಳಿಬಿಟ್ಟಿದ್ದೇನೆ, 1,800.